ಬಕೆಟ್ಟಿಗೆ ಎಷ್ಟು ಮುಚ್ಚಳ?

ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ, ಏನೋ ಮಾತಿಗೆ ಬಂತು ಅಂತ, "ಫಿನಾಯಿಲ್ ಮಾರುವುದನ್ನು ಸರಿಯಾಗಿ ಕಲಿಯಲು ನನಗೆ ಆರು ವರ್ಷ ಹಿಡಿಯಿತು" ಎಂದು ಬರೆದಿದ್ದೆ. ಆ ಒಂದು ಸಾಲನ್ನೇ ಹಿಡಿದುಕೊಂಡು ಪತ್ರಗಳು ಬಂದಿವೆ. ಹಾಗಾಗಿ ಈ ಸಲ ಸಾಲ, ಸಬ್ಸಿಡಿ ಪ್ರಶ್ನೆಗಳು ಪಕ್ಕಕ್ಕೆ. ಬರೀ ಪೊರಕೆ, ಬಕೆಟ್ಟು, ಫಿನಾಯಿಲ್ ಮಾತು.

ಹೊಸ ಓದುಗರಿಗೆ ನನ್ನ ಕಥೆ ಎರಡೇ ಸಾಲಿನಲ್ಲಿ ಹೇಳುತ್ತೇನೆ. ನಮ್ಮದು ದಾವಣಗೆರೆ. ಅಪ್ಪ ಹತ್ತಿ ಗಿರಣಿಯಲ್ಲಿದ್ದರು. ಗಿರಣಿಗೆ ಬೀಗ ಬಿದ್ದ ಮೇಲೆ ಹಿತ್ತಲಲ್ಲಿ ಎರಡು ನೀಲಿ ಡ್ರಮ್ಮು ಇಟ್ಟು ಫಿನಾಯಿಲ್ ಕಲಸಲು ಶುರು ಮಾಡಿದರು. 1997ರಲ್ಲಿ ನಾನು ಬಿ.ಕಾಂ. ಮುಗಿಸಿ, ಲೂನಾ ಗಾಡಿಗೆ ನಾಲ್ಕು ಕ್ಯಾನ್ ಕಟ್ಟಿಕೊಂಡು ಮಾರಲು ಹೊರಟೆ. ಈಗ ಮಂಡಿಪೇಟೆ ಹತ್ತಿರ ಅಂಗಡಿ ಇದೆ. ಇನ್ನು ನಿಮ್ಮ ಪತ್ರಗಳು, ಒಂದೊಂದಾಗಿ.

ನನಗೆ 23 ವರ್ಷ. ಕ್ಲೀನಿಂಗ್ ಸಾಮಾನಿನ ಕಂಪನಿಯೊಂದರಲ್ಲಿ ಸೇಲ್ಸ್ ಕೆಲಸ ಸಿಕ್ಕಿದೆ. ಮೂರು ದಿನ ಟ್ರೈನಿಂಗ್ ಕೊಟ್ಟು ಬ್ಯಾಗು, ಬ್ರೋಷರ್ ಕೈಗಿಟ್ಟಿದ್ದಾರೆ. ಹೋಟೆಲು, ಲಾಡ್ಜು, ಆಸ್ಪತ್ರೆ ಎಲ್ಲಿ ಹೋದರೂ "ನಮ್ಮ ಹತ್ರ ಇದೆ, ಬೇಡ" ಅಂತ ಬಾಗಿಲಲ್ಲೇ ಕಳಿಸುತ್ತಾರೆ. ಚೆನ್ನಾಗಿ ಮಾತಾಡುವುದನ್ನು ಹೇಗೆ ಕಲಿಯಲಿ?
— ರಾಣೆಬೆನ್ನೂರಿನ ಓದುಗ

ನನ್ನ ಮಗನ ವಯಸ್ಸು ನಿನ್ನದು. ನೀನು ಅಂತಲೇ ಬರೆಯುತ್ತೇನೆ, ಬೇಜಾರಿಲ್ಲ ತಾನೇ?

ಮಾತು ಆಮೇಲೆ ನೋಡಿಕೊಳ್ಳೋಣ. ಮೊದಲು ನೆಲ ನೋಡುವುದನ್ನು ಕಲಿ. ಮೊದಲ ಎರಡು ತಿಂಗಳು ನಾನೂ ಹೋಟೆಲಿನ ಗಲ್ಲಾ ಮುಂದೆ ನಿಂತು "ಫಿನಾಯಿಲ್ ಇದೆ ಸಾರ್, ಸೋಪ್ ಆಯಿಲ್ ಇದೆ, ಆಸಿಡ್ ಇದೆ" ಅಂತ ಗಿಳಿಪಾಠ ಒಪ್ಪಿಸುತ್ತಿದ್ದೆ. ಒಂದು ದಿನ ಬೆಣ್ಣೆದೋಸೆ ಹೋಟೆಲಿನಲ್ಲಿ "ಬೇಡಮ್ಮ" ಅನ್ನಿಸಿಕೊಂಡು ತಿರುಗುವಷ್ಟರಲ್ಲಿ ಮಳೆ ಬಂತು. ಅಡುಗೆಮನೆ ಬಾಗಿಲಲ್ಲಿ ನಿಂತೆ. ಒಳಗೆ ಒಬ್ಬ ಹುಡುಗ ನೆಲಕ್ಕೆ ಫಿನಾಯಿಲ್ ಸುರಿದು ಸುರಿದು ಒರೆಸುತ್ತಿದ್ದ. ಬೆಣ್ಣೆ ಜಿಡ್ಡು ಹಾಗೇ ಇತ್ತು. ಅದರ ಮೇಲೆ ಫಿನಾಯಿಲ್ ಇನ್ನೊಂದು ಪದರ. ನನ್ನ ಕಣ್ಣೆದುರೇ ಅವನು ಎರಡು ಸಲ ಜಾರಿದ.

ರಾತ್ರಿ ಮನೆಯಲ್ಲಿ ಹೇಳಿದರೆ ಅಮ್ಮ ನಕ್ಕರು. "ಜಿಡ್ಡಿಗೆ ಯಾರಾದರೂ ಫಿನಾಯಿಲ್ ಹಾಕ್ತಾರೇನೇ? ಎಣ್ಣೆ ಪಾತ್ರೆಗೆ ಬೂದಿ, ಹಿತ್ತಾಳೆ ಕೊಡಕ್ಕೆ ಹುಣಸೆಹಣ್ಣು. ಅಷ್ಟೂ ಗೊತ್ತಿಲ್ಲದೆ ಮಾರೋಕೆ ಹೋಗಿದ್ದೀಯ?"

ನಿನ್ನ ಕಂಪನಿ ಮೂರು ದಿನ ಹೇಳಿಕೊಟ್ಟ ಪಿಎಚ್ (ಹುಳಿಯೋ ಕ್ಷಾರವೋ ಅನ್ನುವ ಅಳತೆ) ಪಾಠ ಇದೇ. ಬೂದಿ ಕ್ಷಾರ, ಎಣ್ಣೆ ಜಿಡ್ಡನ್ನು ಬಿಡಿಸುತ್ತದೆ. ಹುಣಸೆ ಹುಳಿ, ಹಿತ್ತಾಳೆಯ ಕಲೆ ಮತ್ತು ಉಪ್ಪುನೀರಿನ ಬಿಳಿ ಕರೆ ಬಿಡಿಸುತ್ತದೆ. ಪಿಎಚ್ 7 ಅಂದರೆ ಎರಡೂ ಅಲ್ಲದ ನಡುವಿನದು, ದಿನದ ಧೂಳು ಒರೆಸಲು ಸಾಕು. ನಿನ್ನ ಬ್ಯಾಗಿನಲ್ಲಿರುವ ಡಬ್ಬಿಗಳನ್ನು ಇವತ್ತು ರಾತ್ರಿ ಈ ಮೂರು ಗುಂಪು ಮಾಡಿ ಇಟ್ಟು ನೋಡು. ಅರ್ಧ ಬ್ರೋಷರ್ ಬಾಯಿಗೆ ಬಂದ ಹಾಗೆ.

ಮಾರನೇ ದಿನ ಹೋಟೆಲಿಗೆ ಮತ್ತೆ ಹೋದೆ. ಗಲ್ಲಾ ಹತ್ತಿರ ಹೋಗಲಿಲ್ಲ, ನೇರ ಆ ಹುಡುಗನ ಹತ್ತಿರ ಹೋದೆ. "ಎರಡೇ ಎರಡು ಹಾಸುಗಲ್ಲು ನನಗೆ ಬಿಟ್ಟುಕೊಡಪ್ಪ" ಅಂದೆ. ಬಿಸಿನೀರಿಗೆ ಬಟ್ಟೆಸೋಡಾ ಹಾಕಿ ಸುರಿದು, ಹತ್ತು ನಿಮಿಷ ಬಿಟ್ಟು, ಗಟ್ಟಿ ಬ್ರಷ್ಷಿನಲ್ಲಿ ತಿಕ್ಕಿ ತೊಳೆದೆವು. ಆ ಎರಡು ಕಲ್ಲಿನ ಬಣ್ಣವೇ ಬೇರೆ ಆಯಿತು. ಮಾಲೀಕರು ಎದ್ದು ಬಂದು ನೋಡಿದರು. ಅವತ್ತು ನಾನು ಮಾರಿದ್ದು ಅರ್ಧ ಕಿಲೋ ಸೋಡಾ. ಲಾಭ ಒಂದು ರೂಪಾಯಿಯೂ ಇರಲಿಲ್ಲ. ಆ ಹೋಟೆಲು 22 ವರ್ಷ ನಮ್ಮ ಗಿರಾಕಿ ಆಯಿತು.

ಆಮೇಲೆ ಎಷ್ಟೋ ವರ್ಷಕ್ಕೆ ಬೆಂಗಳೂರಿನ ಒಂದು ತರಬೇತಿಯಲ್ಲಿ ಗೋಡೆ ಮೇಲೆ ಒಂದು ಚಕ್ರ ಬರೆದು ತೋರಿಸಿದರು. 'ಸಿನ್ನರ್ ಚಕ್ರ' ಅಂತ. ಹೆಂಕೆಲ್ ಕಂಪನಿಯಲ್ಲಿದ್ದ ಹರ್ಬರ್ಟ್ ಸಿನ್ನರ್ 1959ರಲ್ಲಿ ಹೇಳಿದ್ದು. ಕೊಳೆ ಹೋಗಲು ನಾಲ್ಕು ಬೇಕು: ಮದ್ದು, ತಿಕ್ಕು, ಬಿಸಿ, ಹೊತ್ತು. ಒಂದು ಕಡಿಮೆಯಾದರೆ ಉಳಿದ ಮೂರರಲ್ಲಿ ಯಾವುದನ್ನಾದರೂ ಜಾಸ್ತಿ ಮಾಡಬೇಕು. ನಮ್ಮ ಕಡೆ ಎಲ್ಲರೂ ಮರೆಯುವುದು ಹೊತ್ತನ್ನು. ಟಾಯ್ಲೆಟ್ ಕ್ಲೀನರ್ ಹಚ್ಚಿದ ಕೂಡಲೇ ನೀರು ಬಿಟ್ಟು, "ನಿಮ್ಮ ಮಾಲು ಸರಿ ಇಲ್ಲ" ಅನ್ನುತ್ತಾರೆ. ಹಚ್ಚಿ ಒಂದು ಚಹಾ ಕುಡಿದು ಬನ್ನಿ ಅಂತ ನಾನು ಹೇಳುವುದು. ಹದಿನೈದು ನಿಮಿಷ ಆಗುತ್ತದೆ.

ಇನ್ನು ಗಿರಾಕಿ ಹತ್ತಿರ ಏನು ಕೇಳಬೇಕು? ನೆಲ ಯಾವುದು, ಕೊಳೆ ಯಾವುದು, ನೀರು ಯಾವುದು, ಒರೆಸುವವರು ಯಾರು. ನೀರಿನ ಪ್ರಶ್ನೆ ಯಾರೂ ಕೇಳುವುದಿಲ್ಲ. ಬೋರ್‌ವೆಲ್ ಗಡಸು ನೀರಿನಲ್ಲಿ ಸಾಬೂನು ನೊರೆ ಬರದೆ ಬಿಳಿ ಕೆನೆಯಾಗಿ ಅಂಟುತ್ತದೆ. ಆ ಬಿಳಿ ಕರೆಗೆ ಎಷ್ಟು ಸೋಪ್ ಆಯಿಲ್ ಮಾರಿದರೂ ಹೋಗದು, ಹುಳಿ ಮದ್ದೇ ಬೇಕು. ಅದನ್ನು ಮೊದಲ ಭೇಟಿಯಲ್ಲೇ ಹೇಳಿದರೆ ನಿನ್ನ ಮೇಲೆ ನಂಬಿಕೆ ಹುಟ್ಟುತ್ತದೆ.

ಒಂದು ತಪ್ಪು ಮಾತ್ರ ಮಾಡಬೇಡ. ನಾನು ಮಾಡಿದ್ದೆ. ಟ್ರೈನಿಂಗಿನಲ್ಲಿ ಹೇಳಿಕೊಡುತ್ತಾರಲ್ಲ, ಬಿಳಿ ಬಟ್ಟೆಯಲ್ಲಿ ಗಿರಾಕಿಯ ಟೇಬಲ್ ಒರೆಸಿ ಕೊಳೆ ತೋರಿಸುವುದು? ಒಂದು ಲಾಡ್ಜಿನಲ್ಲಿ ಮಾಲೀಕರ ಮುಂದೆ ಆ ಆಟ ಆಡಿದೆ. ಅವರು ಕೂಡಲೇ ಕ್ಲೀನಿಂಗ್ ಅಮ್ಮನನ್ನು ಕರೆದು ಎಲ್ಲರೆದುರು ಬೈದರು. ಆರ್ಡರ್ ಸಿಕ್ಕಿತು. ಮೂರೇ ವಾರಕ್ಕೆ "ನಿಮ್ಮ ಮದ್ದಿನಿಂದ ಕೈ ಉರಿ" ಅಂತ ಆಯಮ್ಮ ಹೇಳಿ, ಮಾಲು ವಾಪಸ್ ಬಂತು. ಕೈ ಉರಿ ಇತ್ತೋ ಇಲ್ಲವೋ, ಆಯಮ್ಮನ ಸಿಟ್ಟಿನಲ್ಲಿ ತಪ್ಪಿಲ್ಲ. ಬಿಲ್ ಕೊಡುವವರು ಮಾಲೀಕರು ಇರಬಹುದು. ನಿನ್ನ ಡಬ್ಬಿ ಎರಡನೇ ಸಲ ಆ ಮನೆಗೆ ಹೋಗುತ್ತದೋ ಇಲ್ಲವೋ ಅಂತ ತೀರ್ಮಾನಿಸುವುದು ಮಾಪ್ ಹಿಡಿದ ಕೈ. ಬಿಳಿ ಬಟ್ಟೆ ತೋರಿಸುವುದಿದ್ದರೆ ಅವರ ಜೊತೆ ಕೂತು, ಮೂಲೆಯಲ್ಲಿ ತೋರಿಸು. ಹೋಗುವಾಗ ಒಂದು ಜೊತೆ ರಬ್ಬರ್ ಗ್ಲೌಸ್ ಕೊಟ್ಟು ಬಾ. ಸೋಡಾ, ಕಾಸ್ಟಿಕ್ ಇರುವ ಮದ್ದು ಚರ್ಮಕ್ಕೆ ಆಗುವುದಿಲ್ಲ, ಅಲ್ಯೂಮಿನಿಯಂ ಪಾತ್ರೆಗೂ ಆಗುವುದಿಲ್ಲ. ಅದನ್ನೂ ಬಾಯಿಬಿಟ್ಟು ಹೇಳು.

ನಮ್ಮದು ಕಾನ್ಸಂಟ್ರೇಟ್ (ನೀರು ಬೆರೆಸಿ ಬಳಸುವ ಗಟ್ಟಿ) ಮಾಲು. ಲೀಟರಿಗೆ 300 ರೂಪಾಯಿ ಅಂದ ಕೂಡಲೇ ಗಿರಾಕಿ "60 ರೂಪಾಯಿಗೆ ಮನೆ ಬಾಗಿಲಿಗೆ ತಂದುಕೊಡುತ್ತಾರೆ" ಅನ್ನುತ್ತಾರೆ. ರೇಟು ಇಳಿಸದೆ ಮಾರುವುದು ಹೇಗೆ?
— ಸಾಗರದ ಓದುಗರು

ಲೀಟರಿನ ರೇಟು ಹೇಳುವುದನ್ನೇ ಬಿಡಿ. ಬಕೆಟ್ಟಿನ ರೇಟು ಹೇಳಿ. ಯಾರೂ ಲೀಟರಿನಲ್ಲಿ ನೆಲ ಒರೆಸುವುದಿಲ್ಲ, ಬಕೆಟ್ಟಿನಲ್ಲಿ ಒರೆಸುತ್ತಾರೆ.

ಲೆಕ್ಕ ಹೀಗೆ. 60 ರೂಪಾಯಿಯ ಮಾಲನ್ನು 20 ಪಾಲು ನೀರಿಗೆ ಒಂದು ಪಾಲು ಹಾಕಬೇಕು ಅಂತಿಟ್ಟುಕೊಳ್ಳಿ. ಹತ್ತು ಲೀಟರ್ ಬಕೆಟ್ಟಿಗೆ 500 ಮಿ.ಲೀ. ಆಯಿತು, ಅಂದರೆ 30 ರೂಪಾಯಿ. ನಿಮ್ಮದು 200 ಪಾಲಿಗೆ ಒಂದು ಪಾಲು ಇದ್ದರೆ 50 ಮಿ.ಲೀ. ಸಾಕು, 15 ರೂಪಾಯಿ. ಇದನ್ನು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಅವರ ಬಿಲ್ ಹಿಂಬದಿಯಲ್ಲೇ, ಅವರ ಪೆನ್ನಿನಲ್ಲೇ ಬರೆದು ತೋರಿಸಿ.

ಆದರೆ ಈ ಲೆಕ್ಕ ನಿಜವಾಗಬೇಕಾದರೆ ಒಂದು ಷರತ್ತು ಇದೆ: ಅಳತೆ. ಡಬ್ಬಿ ಮೇಲೆ "ಬಕೆಟ್ಟಿಗೆ ಎರಡು ಮುಚ್ಚಳ" ಅಂತ ಬರೆದಿರುತ್ತಾರೆ. ಯಾವ ಮುಚ್ಚಳ? ಒಂದು ಸಲ ಬೇಸರಕ್ಕೆ ಅಂಗಡಿಯಲ್ಲಿದ್ದ ಡಬ್ಬಿಗಳ ಮುಚ್ಚಳಗಳನ್ನೆಲ್ಲ ಸಿರಿಂಜಿನಲ್ಲಿ ನೀರು ತುಂಬಿ ಅಳೆದೆ. ಎಂಟು ಮಿ.ಲೀ.ಯಿಂದ 25 ಮಿ.ಲೀ. ತನಕ ಇದ್ದವು! ಅದರ ಮೇಲೆ, ಕೆಲಸದವರು ಮುಚ್ಚಳ ಬಳಸುವುದೇ ಇಲ್ಲ. ಬಾಟಲಿ ಬಗ್ಗಿಸಿ ಗಳಗಳ ಅಂತ ಸುರಿಯುತ್ತಾರೆ. 60 ರೂಪಾಯಿ ಮಾಲಿನ ಅಭ್ಯಾಸದಲ್ಲಿ ನಿಮ್ಮ 300 ರೂಪಾಯಿ ಮಾಲು ಸುರಿದರೆ ಮಾಲೀಕರಿಗೆ ನಷ್ಟ, ನಿಮಗೆ ಕೆಟ್ಟ ಹೆಸರು.

ಜಾಸ್ತಿ ಹಾಕಿದರೆ ಜಾಸ್ತಿ ಸ್ವಚ್ಛ ಆಗುತ್ತದೆ ಅನ್ನುವ ನಂಬಿಕೆ ಬಲವಾಗಿದೆ. ಆಗುವುದು ಉಲ್ಟಾ. ಒಣಗಿದ ಮೇಲೆ ನೆಲದಲ್ಲಿ ಅಂಟು ಪದರ ಉಳಿಯುತ್ತದೆ, ಅದಕ್ಕೆ ಧೂಳು ಹಿಡಿಯುತ್ತದೆ, ಸಂಜೆಗೆ ಚಪ್ಪಲಿ ಗುರುತು. "ಬೆಳಿಗ್ಗೆ ಒರೆಸಿದ್ದು, ಆಗಲೇ ಕೊಳೆ" ಅಂತ ಯಾರಾದರೂ ದೂರಿದರೆ ಮೊದಲು ಅಳತೆ ಕೇಳಿ. ಒಂದು ವಾರ ಬರೀ ನೀರಿನಲ್ಲಿ ಒರೆಸಲು ಹೇಳಿ. ಅರ್ಧ ದೂರು ಅಲ್ಲೇ ಮುಗಿಯುತ್ತದೆ.

ಅದಕ್ಕೆ ಪ್ರತಿ ಕ್ಯಾನ್ ಜೊತೆ ಒಂದು ಅಳತೆ ಲೋಟ ಕೊಡಿ. ಬಕೆಟ್ಟಿನ ಒಳಗೆ ಹತ್ತು ಲೀಟರಿಗೆ ಪೇಂಟಿನಲ್ಲಿ ಒಂದು ಗೆರೆ ಎಳೆದುಕೊಡಿ. ಗೆರೆ ತನಕ ನೀರು, ಒಂದು ಲೋಟ ಮದ್ದು. ಓದಲು ಬಾರದವರಿಗೂ ತಪ್ಪುವುದಿಲ್ಲ.

ಇದನ್ನು ಮಾಡಿದಾಗ ನಮ್ಮಪ್ಪ ಕೂಗಾಡಿಬಿಟ್ಟರು. ಒಂದು ಕಲ್ಯಾಣ ಮಂಟಪದವರು ತಿಂಗಳಿಗೆ 20 ಲೀಟರ್ ತೆಗೆದುಕೊಳ್ಳುತ್ತಿದ್ದರು. ಅಳತೆ ಕಲಿಸಿದ ಮೇಲೆ ಎಂಟು ಲೀಟರಿಗೆ ಇಳಿಯಿತು. "ಮಗಳು ಅಂಗಡಿ ಮುಚ್ಚಿಸೋಕೇ ಹುಟ್ಟಿದ್ದಾಳೆ" ಅಂದರು. ಒಂದು ವರ್ಷ ನಿಜಕ್ಕೂ ವ್ಯಾಪಾರ ಇಳಿದಿತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ಅದೇ ಮಂಟಪದವರು ಮಾಪ್, ವೈಪರ್, ಹ್ಯಾಂಡ್‌ವಾಶ್, ಕಸದ ಚೀಲ ಎಲ್ಲ ನಮ್ಮಲ್ಲೇ ತೆಗೆದುಕೊಳ್ಳಲು ಶುರು ಮಾಡಿದರು. ಅಪ್ಪ ಅದನ್ನು ಕೊನೆಯವರೆಗೂ ಬಾಯಿಬಿಟ್ಟು ಒಪ್ಪಲಿಲ್ಲ.

ನಾವು ಹತ್ತು ಮಂದಿ ಸ್ವಸಹಾಯ ಸಂಘದವರು. ಕಾನ್ಸಂಟ್ರೇಟ್ ತಂದು ನೀರು ಬೆರೆಸಿ ಬಿಳಿ ಫಿನಾಯಿಲ್ ಮಾಡಿ ಮಾರುತ್ತಿದ್ದೇವೆ. ಕೆಲವು ಬಾಟಲಿಗಳಲ್ಲಿ ವಾರಕ್ಕೇ ಎಣ್ಣೆ ಮೇಲೆ ತೇಲುತ್ತದೆ. ಲೇಬಲ್ಲಿನಲ್ಲಿ "ಶೇ. 99.9 ಕೀಟಾಣು ನಾಶ" ಅಂತ ಹಾಕಬಹುದೇ?
— ಚನ್ನಗಿರಿ ತಾಲ್ಲೂಕಿನ ಸಂಘದ ಪರವಾಗಿ

ಎರಡನೆಯದಕ್ಕೆ ಮೊದಲ ಉತ್ತರ: ಹಾಕಬೇಡಿ. ರೋಗಾಣುನಾಶಕ ಅಂತ ಹೇಳಿಕೊಂಡ ಕೂಡಲೇ ಅದು ಔಷಧ ಕಾಯ್ದೆಯ ಕೆಳಗೆ ಬರುತ್ತದೆ. 1945ರ ಡ್ರಗ್ಸ್ ನಿಯಮಗಳಲ್ಲಿ 'ಶೆಡ್ಯೂಲ್ ಒ' ಅಂತಲೇ ಒಂದು ಭಾಗ ಇದೆ, ರೋಗಾಣುನಾಶಕ ದ್ರವಗಳು ಹೇಗಿರಬೇಕು ಅಂತ. ಲೈಸೆನ್ಸ್, ಪರೀಕ್ಷೆ ಎಲ್ಲ ಬೇಕು. ಜಿಲ್ಲೆಯ ಔಷಧ ನಿಯಂತ್ರಣ ಕಚೇರಿಗೆ ಒಂದು ಸಲ ಹೋಗಿ, ನಿಮ್ಮ ಲೇಬಲ್ ತೋರಿಸಿ ಕೇಳಿ ಬನ್ನಿ. ಅದಕ್ಕೂ ಮೊದಲು, ಪರೀಕ್ಷೆ ಮಾಡಿಸದ ನಂಬರ್ ಬರೆಯುವುದು ಸುಳ್ಳು, ಅಲ್ವಾ?

ನಾನೂ ಈ ವಿಷಯದಲ್ಲಿ ಮರ್ಯಾದೆ ಕಳೆದುಕೊಂಡವಳೇ. 2001ರ ಸುಮಾರಿಗೆ ಒಂದು ಆಸ್ಪತ್ರೆಯ ಸ್ಟೋರ್ ಕೀಪರ್ "ನಿಮ್ಮ ಕಪ್ಪು ಫಿನಾಯಿಲಿನ ಆರ್‌ಡಬ್ಲ್ಯುಸಿ ಎಷ್ಟಮ್ಮ?" ಅಂದರು. ನಾನು "ಐದು ಲೀಟರ್ ಸಾರ್" ಅಂದೆ! ಅವರು ನಗಲಿಲ್ಲ ಪುಣ್ಯಾತ್ಮ, ಕೂರಿಸಿ ಹೇಳಿಕೊಟ್ಟರು. ಅದು ರೀಡಿಯಲ್-ವಾಕರ್ ಅನ್ನುವ ಅಳತೆ. ಟೈಫಾಯ್ಡ್ ರೋಗಾಣುವನ್ನು ಕೊಲ್ಲುವುದರಲ್ಲಿ ಈ ಮಾಲು ಶುದ್ಧ ಫೀನಾಲಿಗಿಂತ ಎಷ್ಟು ಪಟ್ಟು ಗಟ್ಟಿ ಅನ್ನುವ ಲೆಕ್ಕ. 1903ರಿಂದಲೂ ಇದೆ. ಕಪ್ಪು ಫಿನಾಯಿಲ್ ಡಬ್ಬಿಯಲ್ಲಿ ಐಎಸ್ 1061 ಅಂತ ಐಎಸ್‌ಐ ನಂಬರ್ ಇದ್ದರೆ, ಗ್ರೇಡ್ ಜೊತೆ ಈ ಲೆಕ್ಕವೂ ಇರುತ್ತದೆ.

ನಿಮ್ಮದು ಬಿಳಿ ಫಿನಾಯಿಲ್, ಪೈನ್ ಎಣ್ಣೆಯದು. ನೀರಿಗೆ ಹಾಕಿದರೆ ಹಾಲಿನಂತೆ ಆಗುವುದು ಎಣ್ಣೆ ಸಣ್ಣ ಸಣ್ಣ ಹನಿಯಾಗಿ ಹರಡುವುದರಿಂದ. ಅಷ್ಟೇ. ಹಾಲು ಬೆಳ್ಳಗಾದಷ್ಟೂ ಕೀಟಾಣು ಸಾಯುತ್ತದೆ ಅಂತ ಜನ ತಿಳಿದಿದ್ದಾರೆ, ನಾವು ಮಾರುವವರು ಆ ತಪ್ಪನ್ನು ತಿದ್ದದೆ ಸುಮ್ನೆ ಇದ್ದೇವೆ. ಬಣ್ಣಕ್ಕೂ ಕೊಲ್ಲುವ ಶಕ್ತಿಗೂ ಸಂಬಂಧ ಇಲ್ಲ.

ಎಣ್ಣೆ ತೇಲುವುದಕ್ಕೆ ಕಾರಣ ಬಹುಶಃ ನಿಮ್ಮ ನೀರು. ಗಡಸು ನೀರಿನಲ್ಲಿ ಆ ಹನಿಗಳು ಒಡೆದು ಎಣ್ಣೆ ಬೇರೆಯಾಗುತ್ತದೆ. ಒಂದೇ ಕಾನ್ಸಂಟ್ರೇಟನ್ನು ಒಂದು ಬಾಟಲಿಗೆ ಬೋರ್ ನೀರಿನಲ್ಲಿ, ಇನ್ನೊಂದಕ್ಕೆ ಶುದ್ಧ ನೀರಿನ ಘಟಕದ ನೀರಿನಲ್ಲಿ ಬೆರೆಸಿ ಹತ್ತು ದಿನ ಕಿಟಕಿಯಲ್ಲಿಟ್ಟು ನೋಡಿ. ಉತ್ತರ ನಿಮಗೇ ಸಿಗುತ್ತದೆ.

ಲೇಬಲ್ಲಿನಲ್ಲಿ ಇರಲೇಬೇಕಾದದ್ದು ಬೇರೆ: ತಯಾರಕರ ಹೆಸರು-ವಿಳಾಸ, ಮಾಲಿನ ಹೆಸರು, ಎಷ್ಟು ಮಿ.ಲೀ., ತಯಾರಾದ ತಿಂಗಳು-ವರ್ಷ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರು ಹೇಳಲು ಫೋನ್. 2011ರ ಪೊಟ್ಟಣ ನಿಯಮಗಳು ಇದನ್ನು ಕೇಳುತ್ತವೆ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ "ಕುಡಿಯಬಾರದು, ಮಕ್ಕಳಿಂದ ದೂರವಿಡಿ" ಅಂತ ಹಾಕಿ.

ಕೊನೆಯದಾಗಿ, ಹಳೇ ಜ್ಯೂಸ್ ಬಾಟಲಿ, ಹಳೇ ನೀರಿನ ಬಾಟಲಿಗೆ ತುಂಬುತ್ತಿದ್ದರೆ ಇವತ್ತೇ ನಿಲ್ಲಿಸಿ. ಹಾಲಿನ ಬಣ್ಣ, ಜ್ಯೂಸ್ ಬಾಟಲಿ, ಮನೆಯಲ್ಲಿ ಮೂರು ವರ್ಷದ ಮಗು. ಹೆಚ್ಚು ಬರೆಯುವುದಿಲ್ಲ.

ಹೊಸದಾಗಿ ಅಂಗಡಿ ಹಾಕಿದ್ದೇನೆ. ಬಾತ್‌ರೂಮಿಗೆ ಆಸಿಡ್, ಬ್ಲೀಚಿಂಗ್ ಎರಡೂ ಸೇರಿಸಿ ಹಾಕಿದರೆ ಬೇಗ ಬಿಳಿಯಾಗುತ್ತದೆ ಅಂತ ಕೆಲವರು ಒಟ್ಟಿಗೆ ಕೇಳುತ್ತಾರೆ. ಕೊಡಬಹುದಾ?
— ಹೊಸದುರ್ಗದ ಓದುಗರು

ಎರಡನ್ನೂ ಒಟ್ಟಿಗೆ ಬಳಸಲು ಅಂತ ಹೇಳಿದರೆ ಕೊಡಲೇಬೇಡಿ. ಆಸಿಡ್ ಮತ್ತು ಬ್ಲೀಚ್ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ. ಕಿಟಕಿ ಇಲ್ಲದ ಬಾತ್‌ರೂಮಿನಲ್ಲಿ ಉಸಿರುಗಟ್ಟಿ ಬೀಳುತ್ತಾರೆ. ಟಾಯ್ಲೆಟ್ ಕ್ಲೀನರ್ ಕೂಡ ಆಸಿಡ್ಡೇ, ಅದಕ್ಕೂ ಬ್ಲೀಚ್ ಸೇರಿಸಬಾರದು. ಅಮೋನಿಯಾ ಇರುವ ಗಾಜಿನ ಕ್ಲೀನರ್ ಜೊತೆಗೂ ಬೇಡ. ನಮ್ಮ ಅಂಗಡಿಯಲ್ಲಿ ಎರಡನ್ನೂ ಎದುರುಬದುರು ಗೋಡೆಗೆ ಇಟ್ಟಿದ್ದೇವೆ. ಒಂದೇ ಚೀಲಕ್ಕೂ ಹಾಕಿ ಕೊಡುವುದಿಲ್ಲ.

ಬಿಡಿ ಆಸಿಡ್ ಇಡಬೇಕೋ ಬೇಡವೋ ಅಂತಲೂ ಯೋಚಿಸಿ. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿದೆ. ಕೊಳ್ಳುವವರ ಹೆಸರು, ವಿಳಾಸ, ಎಷ್ಟು ಕೊಟ್ಟಿರಿ ಅನ್ನುವುದಕ್ಕೆ ರಿಜಿಸ್ಟರ್ ಇರಬೇಕು. ಫೋಟೋ ಇರುವ ಗುರುತಿನ ಚೀಟಿ ನೋಡಬೇಕು, ಯಾಕೆ ಬೇಕು ಅಂತ ಕೇಳಬೇಕು, 18 ತುಂಬದವರಿಗೆ ಕೊಡಬಾರದು. ಸ್ಟಾಕ್ ಎಷ್ಟಿದೆ ಅಂತ ಉಪವಿಭಾಗಾಧಿಕಾರಿಗೆ ತಿಳಿಸಬೇಕು. ತಪ್ಪಿದರೆ 50,000 ರೂಪಾಯಿ ತನಕ ದಂಡ. ನಾನು ಬಿಡಿ ಆಸಿಡ್ ಮಾರುವುದನ್ನೇ ನಿಲ್ಲಿಸಿದೆ.

ನಿಜ ಹೇಳಬೇಕೆಂದರೆ ಕೋರ್ಟಿಗಿಂತ ಮೊದಲೇ ಒಂದು ಅಜ್ಜಿ ನಿಲ್ಲಿಸಿದ್ದರು. ಅವರ ಮನೆಯಲ್ಲಿ ಹಳೇ ಕಾಲದ ಕೆಂಪು ನೆಲ, ರೆಡ್ ಆಕ್ಸೈಡ್. ಮುಖ ಕಾಣುವಷ್ಟು ಹೊಳಪು. ಮೂಲೆಯಲ್ಲಿ ಸುಣ್ಣದ ಕಲೆ ಹೋಗಲು ಏನು ಹಾಕಲಿ ಅಂದರು. ನಾನು ದೊಡ್ಡ ಜಾಣೆಯ ಹಾಗೆ ಆಸಿಡ್ ಕೊಟ್ಟು ಬಂದೆ. ಸಿಮೆಂಟ್ ಸೇರಿದ ನೆಲ ಅದು, ಆಸಿಡ್ ತಿಂದುಬಿಟ್ಟಿತು. ಎರಡು ಅಡಿ ಜಾಗ ಬಿಳಿಚಿಕೊಂಡು ಒರಟಾಯಿತು. ಅಜ್ಜಿ ಬೈಯಲಿಲ್ಲ. "ನಮ್ಮ ಮಾವನವರು ಹಾಕಿಸಿದ ನೆಲ ಕಣಮ್ಮ" ಅಂದರು. ಮಾರ್ಬಲ್, ಮೊಸಾಯಿಕ್, ಕೆಂಪು ನೆಲ ಮೂರಕ್ಕೂ ಹುಳಿ ಆಗುವುದಿಲ್ಲ, ಲಿಂಬೆರಸ ಕೂಡ. ಅನುಮಾನ ಇದ್ದರೆ ಮಂಚದ ಕೆಳಗೆ ಕಾಣದ ಜಾಗದಲ್ಲಿ ಒಂದು ಹನಿ ಹಾಕಿ ನೋಡಬೇಕು.

ಬ್ಲೀಚ್ ಮಾತ್ರ ಒಳ್ಳೆಯ ಮಾಲು, ಬಳಸುವ ಕ್ರಮ ಗೊತ್ತಿದ್ದರೆ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಅನ್ನುವ ಡಾಕ್ಟರು ಹೆರಿಗೆ ವಾರ್ಡಿಗೆ ಹೋಗುವ ಮೊದಲು ಎಲ್ಲರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕು ಅಂದರು. ಬಾಣಂತಿಯರ ಸಾವು ಸರ್ರನೆ ಇಳಿಯಿತು. ನಮ್ಮ ಬಾಟಲಿಯಲ್ಲಿರುವುದೂ ಅದೇ ಕ್ಲೋರಿನ್ ಶಕ್ತಿ. ಶೇ. 5ರ ಹೈಪೋಕ್ಲೋರೈಟ್ (ದ್ರವ ಬ್ಲೀಚ್) ಬಾಟಲಿ ಇದ್ದರೆ, ಒಂದು ಪಾಲಿಗೆ ನಾಲ್ಕು ಪಾಲು ನೀರು ಹಾಕಿದರೆ ಶೇ. 1 ಆಗುತ್ತದೆ. ಕೊರೊನಾ ಕಾಲದಲ್ಲಿ ಆರೋಗ್ಯ ಇಲಾಖೆಯವರು ಹೇಳುತ್ತಿದ್ದದ್ದು ಇದನ್ನೇ. ಲೀಟರ್ ನೀರಿಗೆ 20 ಮಿ.ಲೀ. ಹಾಕಿದರೆ ಶೇ. 0.1.

ಎರಡು ಸಂಗತಿ ಗಿರಾಕಿಗೆ ಹೇಳಿ. ಮೊದಲು ಸೋಪಿನಲ್ಲಿ ಕೊಳೆ ತೆಗೆದು ಆಮೇಲೆ ಬ್ಲೀಚ್. ಕೊಳೆ ಮೇಲೇ ಹಾಕಿದರೆ ಅದರ ಶಕ್ತಿಯೆಲ್ಲ ಕೊಳೆಯ ಜೊತೆ ಗುದ್ದಾಡುವುದರಲ್ಲೇ ಮುಗಿಯುತ್ತದೆ. ಹಾಕಿದ ಮೇಲೆ ಹತ್ತು ನಿಮಿಷ ಒದ್ದೆಯಾಗಿಯೇ ಇರಬೇಕು. ಇನ್ನೊಂದು, ಬಿಸಿಲು ಅದರ ಶತ್ರು. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಅಂಗಡಿ ಮುಂದೆ ಜೋಡಿಸಿಟ್ಟ ಬ್ಲೀಚ್ ಬಾಟಲಿಗಳನ್ನು ನೋಡಿದರೆ ನನಗೆ ಸಂಕಟ. ಬೆರೆಸಿದ್ದನ್ನು ಅವತ್ತೇ ಬಳಸಿ ಮುಗಿಸಬೇಕು.

ದುಬೈಯಲ್ಲಿ ಹತ್ತು ವರ್ಷದಿಂದ ಹೋಟೆಲ್ ಹೌಸ್‌ಕೀಪಿಂಗ್ ಸೂಪರ್‌ವೈಸರ್. ಊರಿಗೆ ಬಂದು ಇದೇ ಸಾಮಾನಿನ ವ್ಯಾಪಾರ ಮಾಡುವ ಆಸೆ. ಇಲ್ಲಿ ಕಲಿತದ್ದು ಅಲ್ಲಿ ನಡೆಯುತ್ತದಾ?
— ಕುಂದಾಪುರ ಮೂಲದ ಓದುಗರು

ನೀವು ನನಗಿಂತ ಜಾಸ್ತಿ ಕಲಿತಿರುತ್ತೀರಿ. ಅಲ್ಲಿಂದ ತರಬೇಕಾದ ಒಂದು ಸಂಗತಿ ಅಂದರೆ ಬಟ್ಟೆಯ ಬಣ್ಣ. ಕೆಂಪು ಬಟ್ಟೆ ಟಾಯ್ಲೆಟ್ಟಿಗೆ, ಹಸಿರು ಅಡುಗೆಮನೆಗೆ, ನೀಲಿ ಟೇಬಲ್-ಕುರ್ಚಿಗೆ, ಹಳದಿ ವಾಶ್ ಬೇಸಿನ್‌ಗೆ. ನಮ್ಮಲ್ಲಿ ಒಂದೇ ಬಟ್ಟೆ ಮೂತ್ರಾಲಯದಿಂದ ಊಟದ ಟೇಬಲ್ ತನಕ ಪ್ರವಾಸ ಮಾಡುತ್ತದೆ. ಆಸ್ಪತ್ರೆಯವರಿಗೆ ಬಣ್ಣದ ಮಾತು ಕೂಡಲೇ ಅರ್ಥವಾಗುತ್ತದೆ, 2016ರ ಆಸ್ಪತ್ರೆ ತ್ಯಾಜ್ಯದ ನಿಯಮದ ಪ್ರಕಾರ ಅವರ ಕಸದ ಚೀಲಗಳೇ ಹಳದಿ, ಕೆಂಪು ಅಂತ ಬೇರೆ ಬೇರೆ. ಸಣ್ಣ ಹೋಟೆಲಿನವರಿಗೆ ನಾಲ್ಕು ಬಣ್ಣ ಹೇಳಿದರೆ ಓಡಿಹೋಗುತ್ತಾರೆ. ಎರಡೇ ಬಣ್ಣದಿಂದ ಶುರು ಮಾಡಿ, ಕೆಂಪು ಮತ್ತು ಹಸಿರು. ಆಹಾರ ಸುರಕ್ಷತೆಯ ನಿಯಮದಲ್ಲಿ ಕ್ಲೀನಿಂಗ್ ಮದ್ದು ಆಹಾರದಿಂದ ಬೇರೆ ಕಡೆ, ಹೆಸರು ಬರೆದು ಇಡಬೇಕು ಅಂತ ಇದೆ. ಅದನ್ನು ಅವರಿಗೆ ನೆನಪಿಸುವುದೂ ನಿಮ್ಮ ಕೆಲಸವೇ.

ಭಾಷೆ ಸ್ವಲ್ಪ ಬದಲಾಗುತ್ತದೆ. ಇಲ್ಲಿನ ಹೌಸ್‌ಕೀಪಿಂಗ್ ಹುಡುಗರು ಮದ್ದಿನ ಹೆಸರು ಹೇಳುವುದಿಲ್ಲ. "ಆರ್2 ಖಾಲಿ, ಆರ್6 ಇದೆ" ಅನ್ನುತ್ತಾರೆ. ಡೈವರ್ಸಿ ಅನ್ನುವ ಕ್ಲೀನಿಂಗ್ ಮದ್ದಿನ ಕಂಪನಿಯ ಟಾಸ್ಕಿ ಸಾಲಿನ ನಂಬರ್‌ಗಳು ಅವು. ಆರ್2 ನೆಲಕ್ಕೆ, ಆರ್3 ಗಾಜಿಗೆ, ಆರ್6 ಕಮೋಡಿಗೆ. ನೀವು ಬೇರೆ ಕಂಪನಿಯ ಮಾಲು ಮಾರಿದರೂ "ಇದು ಆರ್2 ಜಾಗಕ್ಕೆ" ಅಂತ ಹೇಳಿದರೆ ಕೆಲಸ ಸಲೀಸು.

ಶಾಲೆ, ಹಾಸ್ಟೆಲ್‌ಗಳಿಗೆ ಮಾಲು ಕೊಟ್ಟು ಆರು ತಿಂಗಳಾದರೂ ದುಡ್ಡು ಬರುವುದಿಲ್ಲ. ಉದ್ರಿ ನಿಲ್ಲಿಸಿದರೆ ಗಿರಾಕಿ ಹೋಗುತ್ತಾರೆ. ಏನು ಮಾಡಲಿ?
— ಹರಿಹರದ ಓದುಗರು

ಹೋಗಲಿ ಬಿಡಿ. ಸಿಟ್ಟಿನಿಂದ ಹೇಳುತ್ತಿಲ್ಲ. ಫಿನಾಯಿಲ್ ದಿನಾ ಖರ್ಚಾಗುವ ಮಾಲು. ಹಳೇ ಬಾಕಿ ಕೊಟ್ಟರೆ ಹೊಸ ಕ್ಯಾನ್, ನನ್ನ ನಿಯಮ ಅಷ್ಟೇ. ಹೊಸಬರಿಗೆ ಮೊದಲ ಮೂರು ಸಲ ನಗದು.

ನೀವು ಮಾಲು ತಯಾರಿಸುವವರಾದರೆ ಕಾನೂನಿನ ಬೆಂಬಲ ಇದೆ. ಸಣ್ಣ ಉದ್ಯಮಗಳಿಗೆ ಇರುವ ಸರ್ಕಾರದ 'ಉದ್ಯಮ್' ನೋಂದಣಿ ಮಾಡಿಸಿ, ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಯಾರಾದರೂ ಫೀಸ್ ಕೇಳಿದರೆ ಎದ್ದು ಬನ್ನಿ. 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆ ಪ್ರಕಾರ ಬರಹದ ಒಪ್ಪಂದ ಇದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಸಣ್ಣ ತಯಾರಕರಿಗೆ ಹಣ ಕೊಡಬೇಕು. ತಡವಾದರೆ ಬಡ್ಡಿ ಕೇಳಬಹುದು, ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಆದರೆ ತಂದು ಮಾರುವ ನಮ್ಮಂಥ ವ್ಯಾಪಾರಿಗಳಿಗೆ ಈ 45 ದಿನದ ರಕ್ಷಣೆ ಇಲ್ಲ. 2021ರಿಂದ ವ್ಯಾಪಾರಿಗಳೂ ಉದ್ಯಮ್‌ನಲ್ಲಿ ಸೇರಬಹುದು, ಅದು ಬ್ಯಾಂಕ್ ಸಾಲದ ಅನುಕೂಲಕ್ಕೆ ಮಾತ್ರ. ಇದು ಗೊತ್ತಿಲ್ಲದೆ ನಾನು ಒಬ್ಬರ ಮುಂದೆ ಕಾನೂನು ಮಾತಾಡಿ ಪೆಚ್ಚಾಗಿದ್ದೇನೆ. ಅವರ ಲೆಕ್ಕಿಗರು ಓದಿಕೊಂಡಿದ್ದರು.

ಇಷ್ಟೆಲ್ಲ ಮಾರುತ್ತೀರಲ್ಲ, ನಿಮ್ಮ ಮನೆಯಲ್ಲಿ ಏನು ಬಳಸುತ್ತೀರಿ?
— ಮೈಸೂರಿನ ಓದುಗರು

ನಮ್ಮದು ಮೊಸಾಯಿಕ್ ನೆಲ. ಮೊದಲು ಒಣ ಪೊರಕೆ, ಆಮೇಲೆ ಬಕೆಟ್ಟಿಗೆ ಅರ್ಧ ಅಳತೆ ಲೋಟ ನ್ಯೂಟ್ರಲ್ (ಪಿಎಚ್ 7ರ) ಕ್ಲೀನರ್. ಭಾನುವಾರ ಬರೀ ನೀರು. ಯಾರಿಗಾದರೂ ವಾಂತಿ-ಭೇದಿ ಆದರೆ ಮಾತ್ರ ಬ್ಲೀಚ್. ಕಪ್ಪು ಫಿನಾಯಿಲ್ ಮನೆಯೊಳಗೆ ತರುವುದಿಲ್ಲ, ಎರಡು ಬೆಕ್ಕುಗಳಿವೆ, ಫೀನಾಲ್ ಅವಕ್ಕೆ ವಿಷ. ಮಾಪ್ ಬಟ್ಟೆ ದಿನಾ ಬಿಸಿಲಿಗೆ. ಬಕೆಟ್ ಬೋರಲು ಹಾಕಿಡುತ್ತೇನೆ, ಇಲ್ಲದಿದ್ದರೆ ತಳದಲ್ಲಿ ನಿಂತ ಒಂದು ಲೋಟ ನೀರು ರಾತ್ರಿಯೆಲ್ಲ ನಾರುತ್ತಾ ಕೂರುತ್ತದೆ, ಬೆಳಿಗ್ಗೆ ಅದನ್ನೇ ಮನೆಗೆಲ್ಲ ಬಳಿದಂತಾಗುತ್ತದೆ.